ಬಾಡಿಗೆ ಮನೆ, ಬಯಲಾದ ಬದುಕು

ಊರು ಬಿಟ್ಟು ಬಂದವರ ಮನೆಯಲ್ಲಿ ಒಂದು ಫೈಲು ಇದ್ದೇ ಇರುತ್ತದೆ. ಆಧಾರ್ ಪ್ರತಿ ಹತ್ತು, ಪ್ಯಾನ್ ಪ್ರತಿ ಆರು, ಒಂದು ಲಕೋಟೆ ತುಂಬ ಪಾಸ್‌ಪೋರ್ಟ್ ಅಳತೆಯ ಫೋಟೊ, ಹಳೆಯ ಬಾಡಿಗೆ ಕರಾರು, ಕಂಪನಿಯ ಪತ್ರ, ಮೂರು ತಿಂಗಳ ಸಂಬಳ ಚೀಟಿ. ಮುಂಬೈ ಇರಲಿ, ಚೆನ್ನೈ ಇರಲಿ, ಹೈದರಾಬಾದ್ ಇರಲಿ, ಈ ಫೈಲು ಇಲ್ಲದೆ ನಮಗೆ ಗ್ಯಾಸ್ ಸಿಲಿಂಡರ್ ಸಿಗುವುದಿಲ್ಲ, ಇಂಟರ್‌ನೆಟ್ ಸಿಗುವುದಿಲ್ಲ, ಮಗನಿಗೆ ಶಾಲೆಯೂ ಸಿಗುವುದಿಲ್ಲ.

ನನ್ನ ಊರು ಗದಗ ಜಿಲ್ಲೆಯ ಒಂದು ಹಳ್ಳಿ. ಅಲ್ಲಿ ಇವತ್ತಿಗೂ ನನ್ನನ್ನು ಯಾರೂ ಗುರುತಿನ ಚೀಟಿ ಕೇಳುವುದಿಲ್ಲ. ‘ಯಾರ ಮಗಪಾ ನೀ?’ ಎಂಬ ಒಂದು ಪ್ರಶ್ನೆ ಸಾಕು. ಉತ್ತರ ಹೇಳಿದರೆ ಅಜ್ಜನ ಕಾಲದಿಂದ ಎಲ್ಲ ವಿವರ ಅವರೇ ನಮಗೆ ಹೇಳುತ್ತಾರೆ. ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಚಾಕಣ್‌ನ ಒಂದು ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಕೆಲಸ. ಒಂಬತ್ತು ವರ್ಷ ಬಾಡಿಗೆ ಮನೆಗಳಲ್ಲಿದ್ದೆ, ಐದು ವರ್ಷದ ಹಿಂದೆ ಸಾಲ ಮಾಡಿ ಫ್ಲ್ಯಾಟ್ ಕೊಂಡೆ. ಬಾಡಿಗೆಯ ಆ ಒಂಬತ್ತು ವರ್ಷಗಳಲ್ಲಿ ನನ್ನ ಕಾಗದಗಳು ದಲ್ಲಾಳಿ, ಮನೆ ಮಾಲೀಕ, ಸೊಸೈಟಿ ಕಚೇರಿ, ಪೊಲೀಸ್ ಠಾಣೆ, ಜೆರಾಕ್ಸ್ ಅಂಗಡಿ ಎಂದು ಎಷ್ಟು ಕೈ ದಾಟಿವೆಯೋ ಲೆಕ್ಕವಿಲ್ಲ.

ಇದರಲ್ಲಿ ಕೆಲವಕ್ಕೆ ಕಾನೂನಿನ ಕಾರಣವಿದೆ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದು ಮಾಲೀಕನ ಜವಾಬ್ದಾರಿ. ನೋಂದಾಯಿತ ಕರಾರು ಬಾಡಿಗೆದಾರನಿಗೂ ರಕ್ಷಣೆ. ಆದ್ದರಿಂದ ಕಾಗದ ಕೇಳುವುದೇ ತಪ್ಪು ಎನ್ನುವ ಮಾತು ನನ್ನದಲ್ಲ. ಒಂದು ಕೆಲಸಕ್ಕೆಂದು ಕೊಟ್ಟ ಕಾಗದ ಆ ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದೇ ನನ್ನ ಪ್ರಶ್ನೆ.

ಹಳ್ಳಿಯ ಕಣ್ಣು, ನಗರದ ಕಣ್ಣು

ಹಳ್ಳಿಯಲ್ಲಿ ಖಾಸಗಿ ಬದುಕು ಇತ್ತೇ ಎಂದು ಕೇಳಿದರೆ, ಇರಲಿಲ್ಲ ಎಂದೇ ಹೇಳಬೇಕು. ಯಾರ ಮನೆಯಲ್ಲಿ ಜಗಳ, ಯಾರ ಸೊಸೆ ತವರಿಗೆ ಹೋದಳು, ಯಾರ ಹೊಲ ಅಡವಿಟ್ಟರು ಎಂಬುದು ಸಂಜೆಯೊಳಗೆ ಕಟ್ಟೆಗೆ ಬರುತ್ತಿತ್ತು. ‘ಖಾಸಗಿ’ ಎಂಬ ಪದವೇ ನಮಗೆ ಪಾರಸಿ–ಅರಬ್ಬಿ ದಾರಿಯಿಂದ ಬಂದದ್ದು. ನಮ್ಮದೇ ಮಾತು ‘ಗುಟ್ಟು’. ಆದರೆ ಎರಡೂ ಒಂದಲ್ಲ. ಗುಟ್ಟು ಮುಚ್ಚಿಡುವಂಥದ್ದು. ಖಾಸಗಿ ಎಂದರೆ ಮುಚ್ಚಿಡಲು ಏನೂ ಇಲ್ಲದಿದ್ದರೂ ನನ್ನದು ಎನ್ನುವಂಥದ್ದು. ಸ್ನಾನದ ಮನೆಗೆ ಬಾಗಿಲು ಹಾಕಿಕೊಳ್ಳುವವನು ಒಳಗೆ ಏನೋ ಅಪರಾಧ ಮಾಡುತ್ತಿದ್ದಾನೆ ಎಂದು ಯಾರೂ ತಿಳಿಯುವುದಿಲ್ಲವಲ್ಲ!

ಹಾಗಿದ್ದರೂ ಹಳ್ಳಿಯ ಕಣ್ಣಿಗೆ ಮೂರು ಮಿತಿಗಳಿದ್ದವು. ಮೊದಲನೆಯದು, ಅದು ಎರಡೂ ಕಡೆ ನೋಡುತ್ತಿತ್ತು. ನಮ್ಮ ಮನೆಯ ಸುದ್ದಿ ಅವರಿಗೆ ಗೊತ್ತಿದ್ದರೆ ಅವರ ಮನೆಯದು ನಮಗೂ ಗೊತ್ತಿತ್ತು. ಎರಡನೆಯದು, ಅದಕ್ಕೆ ಮರೆವು ಇತ್ತು. ಹತ್ತು ವರ್ಷದ ಹಿಂದಿನ ಜಗಳಕ್ಕೆ ತಾರೀಕು, ಗಂಟೆ, ನಿಮಿಷ ಇರುತ್ತಿರಲಿಲ್ಲ. ಮೂರನೆಯದು, ಸುದ್ದಿ ತಿಳಿದವರು ಕಷ್ಟಕ್ಕೂ ಬರುತ್ತಿದ್ದರು. ಆಡಿಕೊಂಡ ಬಾಯಿಯೇ ಮರುದಿನ ಜೋಳದ ಚೀಲ ಕಳಿಸಿದ್ದುಂಟು.

ಆ ಕಣ್ಣಿನಿಂದ ಬಿಡುಗಡೆ ಬೇಕು ಎನಿಸಿದವರು ನಗರಕ್ಕೆ ಬಂದರು. ಇಲ್ಲಿ ಯಾರಿಗೂ ಯಾರ ಗೊಡವೆ ಇಲ್ಲ ಎನ್ನುವುದು ಬೈಗುಳವೂ ಹೌದು, ವರವೂ ಹೌದು. ಜಾತಿಯ ಹೆಸರಿನಲ್ಲಿ ಊರಲ್ಲಿ ಕುಗ್ಗಿದವರಿಗೆ, ಗಂಡ ಬಿಟ್ಟವಳು ಎಂಬ ಮಾತು ಕೇಳಿ ಸಾಕಾದವರಿಗೆ, ಇಷ್ಟಪಟ್ಟು ಮದುವೆಯಾದವರಿಗೆ ನಗರ ಕೊಟ್ಟ ದೊಡ್ಡ ಉಡುಗೊರೆ ಎಂದರೆ ಈ ಅನಾಮಧೇಯ ಬದುಕೇ. ಮನೆ ಬಾಡಿಗೆಗೆ ಕೇಳುವಾಗ ‘ಅಡ್ಡಹೆಸರೇನು, ವೆಜ್ಜಾ ನಾನ್‌ವೆಜ್ಜಾ’ ಎಂಬ ವಿಚಾರಣೆ ಇಲ್ಲಿಯೂ ಇದೆ. ಆದರೂ ಬಾಗಿಲು ಹಾಕಿಕೊಂಡ ಮೇಲೆ ಒಂದು ನೆಮ್ಮದಿ ಇತ್ತು. ಈಗ ನಗರ ಆ ಉಡುಗೊರೆಯನ್ನು ವಾಪಸ್ ಕೇಳುತ್ತಿದೆ. ಹಳ್ಳಿಯ ಕಣ್ಣು ಮರಳಿ ಬಂದಿದೆ, ಜೋಳದ ಚೀಲ ಮಾತ್ರ ಬಂದಿಲ್ಲ.

ಒಂದು ಪಟ್ಟಿಯ ಕಥೆ

ನಮ್ಮ ಕಂಪನಿಯ ವಿನ್ಯಾಸ ವಿಭಾಗದಲ್ಲಿ ಹಾಸನ ಕಡೆಯ ಒಬ್ಬ ಹುಡುಗಿ ಇದ್ದಾಳೆ. ಅಮೆರಿಕದ ಗ್ರಾಹಕರ ಜೊತೆ ಕೆಲಸ, ಹಾಗಾಗಿ ವಾರದಲ್ಲಿ ಎರಡು ಮೂರು ದಿನ ರಾತ್ರಿ ಹತ್ತೂವರೆಗೆ ಬಿಡುವು. ಕಂಪನಿಯ ಕ್ಯಾಬ್ ಆಕೆಯನ್ನು ಮನೆಗೆ ಬಿಡುವಾಗ ಹನ್ನೊಂದು ದಾಟಿರುತ್ತದೆ. ಇನ್ನೊಬ್ಬ ಗೆಳತಿಯ ಜೊತೆ ಒಂದು ಸೊಸೈಟಿಯಲ್ಲಿ ಎರಡು ಕೋಣೆಯ ಫ್ಲ್ಯಾಟ್ ಬಾಡಿಗೆಗೆ ಹಿಡಿದಿದ್ದಳು.

ಆ ಸೊಸೈಟಿಯಲ್ಲಿ ಈಗಿನ ಎಲ್ಲ ಸೊಸೈಟಿಗಳಂತೆ ಗೇಟಿನ ಆ್ಯಪ್ ಇದೆ. ಬರುವವರ ಹೆಸರು, ಫೋನ್ ನಂಬರ್, ಫೋಟೊ, ಯಾವ ಮನೆಗೆ, ಎಷ್ಟು ಗಂಟೆಗೆ ಬಂದರು, ಎಷ್ಟಕ್ಕೆ ಹೋದರು ಎಲ್ಲವೂ ಅದರಲ್ಲಿ ದಾಖಲಾಗುತ್ತದೆ. ಊಟ ತಂದ ಹುಡುಗ, ಔಷಧಿ ತಂದ ಹುಡುಗ, ನೀರಿನ ಕ್ಯಾನಿನವನು, ಊರಿಂದ ಬಂದ ಅಕ್ಕ, ಎಲ್ಲರಿಗೂ ಅದೇ ಪಟ್ಟಿ.

ಒಂದು ದಿನ ಆಕೆಯನ್ನು ಸೊಸೈಟಿ ಕಚೇರಿಗೆ ಕರೆದರು. ಮಾಲೀಕರೂ ಬಂದಿದ್ದರು. ಸಮಿತಿಯ ಒಬ್ಬರು ನಾಲ್ಕು ತಿಂಗಳ ಪಟ್ಟಿಯನ್ನು ಮುದ್ರಿಸಿಕೊಂಡು ಬಂದು ಓದತೊಡಗಿದರು. ರಾತ್ರಿ ಹನ್ನೊಂದರ ಮೇಲೆ ಒಳಬಂದ ದಿನಗಳು ಇಷ್ಟು. ಗಂಡಸರು ಬಂದುಹೋದದ್ದು ಇಷ್ಟು ಸಲ. ಆ ‘ಗಂಡಸರ’ಲ್ಲಿ ಒಬ್ಬ ಗೆಳತಿಯ ತಮ್ಮ, ಒಬ್ಬ ವಾಷಿಂಗ್ ಮೆಷಿನ್ ರಿಪೇರಿಯವನು, ಒಬ್ಬ ಆಫೀಸಿನ ಗೆಳೆಯ, ಡೆಂಗಿ ಜ್ವರದಲ್ಲಿ ಮಲಗಿದ್ದಾಗ ಊಟ ತಂದುಕೊಟ್ಟವನು. ಪಟ್ಟಿಯಲ್ಲಿ ಜ್ವರಕ್ಕೆ ಕಾಲಂ ಇರಲಿಲ್ಲ. ಪಾಳಿಯ ಕೆಲಸಕ್ಕೂ ಕಾಲಂ ಇರಲಿಲ್ಲ.

‘ಸರ್, ನಾನೇನು ತಪ್ಪು ಮಾಡಿದೀನಿ ಅಂತ ಅವರು ಹೇಳ್ಲೇ ಇಲ್ಲ. ಪಟ್ಟಿ ಓದಿದ್ರು, ಅಷ್ಟೆ,’ ಎಂದು ಆಕೆ ನನಗೆ ಹೇಳಿದಳು.

ಅಷ್ಟಕ್ಕೆ ನಿಲ್ಲಲಿಲ್ಲ. ಬಾಡಿಗೆ ಅರ್ಜಿಯಲ್ಲಿ ತುರ್ತು ಸಂಪರ್ಕಕ್ಕೆಂದು ಆಕೆ ಅಪ್ಪನ ನಂಬರ್ ಬರೆದಿದ್ದಳು. ಆ ನಂಬರಿಗೆ ಮಾಲೀಕರು ಫೋನ್ ಮಾಡಿ ‘ನಿಮ್ಮ ಮಗಳ ಬಗ್ಗೆ ದೂರು ಬಂದಿದೆ’ ಎಂದರು. ಹಾಸನದಿಂದ ಆ ತಂದೆ ರಾತ್ರಿ ಬಸ್ಸಿಗೆ ಹತ್ತಿ ಬಂದರು. ಮಗಳ ಮೇಲೆ ಅವರಿಗೆ ನಂಬಿಕೆ ಇತ್ತು, ಅದು ದೊಡ್ಡ ಮಾತು. ಆದರೆ ಮುದ್ರಿಸಿದ ಪಟ್ಟಿಯ ಮುಂದೆ ಅವರಿಗೂ ಬಾಯಿ ಬರಲಿಲ್ಲ. ಕೆಲಸ ಬಿಡಿಸಿ ಊರಿಗೆ ಕರೆದೊಯ್ಯಬೇಕೋ ಎಂಬ ಮಾತಿನ ತನಕ ಹೋಯಿತು. ತಾಯಿ ಫೋನಿನಲ್ಲಿ ಅತ್ತರು. ಕೊನೆಗೆ ಮನೆ ಖಾಲಿ ಮಾಡುವುದಷ್ಟಕ್ಕೆ ಮುಗಿಯಿತು, ಠೇವಣಿಯಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು.

ಈಗ ಆಕೆ ಒಂದು ಪಿ.ಜಿ.ಯಲ್ಲಿದ್ದಾಳೆ. ತುರ್ತು ಸಂಪರ್ಕದ ಜಾಗದಲ್ಲಿ ಅಪ್ಪನ ನಂಬರ್ ಬರೆಯುವುದಿಲ್ಲ. ನಾಳೆ ನಿಜವಾಗಿಯೂ ತುರ್ತು ಬಂದರೆ ಆಸ್ಪತ್ರೆಯವರು ಯಾರಿಗೆ ಫೋನ್ ಮಾಡಬೇಕು? ನಂಬಿ ಕೊಟ್ಟ ಮಾಹಿತಿಯನ್ನು ಒಮ್ಮೆ ದುರುಪಯೋಗ ಮಾಡಿದರೆ ಮುಂದೆ ಜನ ನಿಜ ಹೇಳುವುದನ್ನೇ ಬಿಡುತ್ತಾರೆ. ಸುರಕ್ಷತೆಯ ಹೆಸರಿನಲ್ಲಿ ಮಾಡಿದ ಕೆಲಸ ಸುರಕ್ಷತೆಗೇ ಕುತ್ತು ತರುವುದು ಹೀಗೆ.

ಅವರ ಫೋಟೊ ನನ್ನ ಫೋನಿನಾಗ ಯಾಕಿಲ್ಲ?

ಪುಣೆಯ ಮನೆಗೆಲಸದ, ಕಟ್ಟಡ ಕೆಲಸದ ಜನರಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯವರು ಸಾಕಷ್ಟು. ನಮ್ಮ ಮನೆಗೆ ಬರುವ ಅಕ್ಕನೂ ಅಫಜಲಪುರ ತಾಲ್ಲೂಕಿನವರು. ಇಪ್ಪತ್ತು ವರ್ಷದಿಂದ ಇಲ್ಲಿದ್ದಾರೆ, ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ. ಸೊಸೈಟಿಯಲ್ಲಿ ಕೆಲಸ ಮಾಡಬೇಕಾದರೆ ಅವರ ಆಧಾರ್ ಪ್ರತಿ, ಪೊಲೀಸ್ ಪರಿಶೀಲನೆ, ಫೋಟೊ ಎಲ್ಲ ಕೊಡಬೇಕು. ಗೇಟಿನಲ್ಲಿ ಅವರು ಕಾಲಿಟ್ಟ ತಕ್ಷಣ ಅವರು ಕೆಲಸ ಮಾಡುವ ಐದೂ ಮನೆಗಳ ಫೋನ್ ‘ಟಿಂಗ್’ ಎನ್ನುತ್ತದೆ. ಯಾವ ಮನೆಯಲ್ಲಿ ಎಷ್ಟು ಹೊತ್ತು ಇದ್ದರು ಎಂಬುದು ಎಲ್ಲರಿಗೂ ಕಾಣುತ್ತದೆ. ಆ್ಯಪಿನಲ್ಲಿ ಅವರಿಗೆ ನಕ್ಷತ್ರಗಳನ್ನೂ ಕೊಡಬಹುದು, ಹೋಟೆಲಿಗೆ ಕೊಟ್ಟಂತೆ. ಹೊರಗೆ ಹೋಗುವಾಗ ಚೀಲ ತೆರೆದು ತೋರಿಸಬೇಕು.

ಒಂದು ದಿನ ಪಾತ್ರೆ ತೊಳೆಯುತ್ತಾ ಅವರು ಕೇಳಿದರು: ‘ಅಣ್ಣಾರ, ನನ್ನ ಫೋಟೊ ಎಲ್ಲಾರ ಫೋನಿನಾಗೂ ಅದ ಅಂತ, ಹೌದೇನ್ರಿ? ಹಂಗಾದ್ರ ಅವರ ಫೋಟೊ ನನ್ನ ಫೋನಿನಾಗ ಯಾಕಿಲ್ಲ? ನಾ ಕೆಲಸಕ್ಕ ಹೋಗೋ ಮನಿಯವರು ಎಂಥವರು ಅಂತ ನನಗೂ ಗೊತ್ತಾಗಬೇಕಲ್ಲ?’

ಈ ಪ್ರಶ್ನೆಯಲ್ಲಿ ಇಡೀ ವಿಷಯವೇ ಇದೆ. ಯಾರನ್ನು ನೋಡಲಾಗುತ್ತಿದೆಯೋ ಅವರಿಗೆ ತಿರುಗಿ ನೋಡುವ ಹಕ್ಕಿಲ್ಲ. ಫ್ಲ್ಯಾಟಿನ ಮಾಲೀಕನಿಗೆ ಸಭೆಯಲ್ಲಿ ಮತವಿದೆ. ಬಾಡಿಗೆದಾರನಿಗೆ ಇಲ್ಲ. ಮನೆಗೆಲಸದವರನ್ನು ಸಭೆಯ ಹತ್ತಿರವೂ ಸೇರಿಸುವುದಿಲ್ಲ. ಅತಿ ಹೆಚ್ಚು ದಾಖಲೆ ಯಾರದ್ದು ಎಂದು ನೋಡಿದರೆ ಇದೇ ಸಾಲು ತಲೆಕೆಳಗಾಗಿ ಬರುತ್ತದೆ.

ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು

ಖಾಸಗಿತನ ಎಂಬುದು ಶ್ರೀಮಂತರ ಶೋಕಿ, ಬಡವನಿಗೆ ಅದೇಕೆ ಎನ್ನುವವರಿದ್ದಾರೆ. ನಮ್ಮ ದೇಶದಲ್ಲಿ ಈ ವಿಷಯದ ಮೊದಲ ದೊಡ್ಡ ಮೊಕದ್ದಮೆಗಳಲ್ಲಿ ಒಂದು ಶ್ರೀಮಂತನದ್ದಲ್ಲ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನ ಮೇಲೆ ಡಕಾಯಿತಿಯ ಆರೋಪ ಬಂದಿತ್ತು. ಸಾಕ್ಷ್ಯವಿಲ್ಲದೆ ಬಿಡುಗಡೆಯಾಯಿತು. ಆದರೂ ಪೊಲೀಸರು ಆತನ ಹೆಸರಿನಲ್ಲಿ ಕಡತ ತೆರೆದು, ರಾತ್ರಿ ಹೊತ್ತು ಮನೆಗೆ ಬಂದು ಬಾಗಿಲು ಬಡಿದು ಎಬ್ಬಿಸುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟ್ ಈ ರಾತ್ರಿ ಭೇಟಿಗಳನ್ನು ರದ್ದು ಮಾಡಿತು. ಆದರೆ ಖಾಸಗಿತನ ಎಂಬ ಹಕ್ಕನ್ನು ಸಂವಿಧಾನ ಕೊಟ್ಟಿಲ್ಲ ಎಂದೂ ಹೇಳಿತು.

ಆ ಮಾತನ್ನು ತಿದ್ದಲು 55 ವರ್ಷ ಬೇಕಾಯಿತು. ತಿದ್ದಿಸಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಯೋಜನೆಯನ್ನು ಕಟ್ಟಿದ ಪ್ರಾಧಿಕಾರದ ಮೊದಲ ಅಧ್ಯಕ್ಷರು ನಂದನ್ ನಿಲೇಕಣಿ. ಕಟ್ಟಿದವರೂ ಬೆಂಗಳೂರಿನವರು, ಪ್ರಶ್ನಿಸಿದವರೂ ಬೆಂಗಳೂರಿನವರು ಎನ್ನುವುದನ್ನು ನಾನು ಇಲ್ಲಿನ ಗೆಳೆಯರಿಗೆ ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪು ಕೊಟ್ಟಿತು: ಖಾಸಗಿತನ ಮೂಲಭೂತ ಹಕ್ಕು, ಜೀವಿಸುವ ಹಕ್ಕಿನ ಒಳಗೇ ಅದು ಇದೆ. ಸರ್ಕಾರ ಆ ಹಕ್ಕಿಗೆ ಕೈಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕ್ರಮ ಇರಬೇಕು. ಸೊಳ್ಳೆ ಹೊಡೆಯಲು ಸುತ್ತಿಗೆ ಎತ್ತಬಾರದು ಎಂಬುದು ಈ ಕೊನೆಯ ಅಂಶದ ತಾತ್ಪರ್ಯ. ಮರುವರ್ಷ, 2018ರ ಸೆಪ್ಟೆಂಬರ್ 26ರಂದು, ಆಧಾರ್ ಯೋಜನೆಯನ್ನು ಕೋರ್ಟ್ ಎತ್ತಿಹಿಡಿಯಿತು. ಆದರೆ ಬ್ಯಾಂಕ್ ಖಾತೆಗೂ ಮೊಬೈಲ್ ಸಿಮ್‌ಗೂ ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು. ನ್ಯಾಯಮೂರ್ತಿ ಪುಟ್ಟಸ್ವಾಮಿ 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

1988ರಲ್ಲಿ ಫೋನ್ ಕದ್ದಾಲಿಕೆಯ ಆರೋಪ ಬಂದಾಗ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟಿದ್ದು ನಮ್ಮ ತಂದೆಯ ತಲೆಮಾರಿಗೆ ಚೆನ್ನಾಗಿ ನೆನಪಿದೆ. ಒಂದು ಫೋನ್ ಕೇಳಲು ಆಗ ಒಬ್ಬ ಮನುಷ್ಯ ಕುಳಿತಿರಬೇಕಿತ್ತು, ಸುದ್ದಿ ಹೊರಬಂದರೆ ಕುರ್ಚಿ ಅಲುಗಾಡುತ್ತಿತ್ತು. ಈಗ ಟಾರ್ಚ್ ಆ್ಯಪ್ ಕೂಡ ನಮ್ಮ ಸಂಪರ್ಕ ಪಟ್ಟಿ ಕೇಳುತ್ತದೆ. ಯಾವ ಕುರ್ಚಿಯೂ ಅಲುಗಾಡುವುದಿಲ್ಲ.

ಬೋಲ್ಟಿಗೆ ಇರುವ ಮರ್ಯಾದೆ

ನನ್ನ ಕೆಲಸವೇ ದಾಖಲೆ ಇಡುವುದು. ನಮ್ಮ ಕಾರ್ಖಾನೆಯಿಂದ ಹೊರಹೋಗುವ ಪ್ರತಿ ಬೋಲ್ಟಿಗೂ ದಾಖಲೆಯಿದೆ. ಯಾವ ಉಕ್ಕು, ಯಾವ ಯಂತ್ರ, ಯಾವ ಪಾಳಿ, ಯಾರು ಅಳತೆ ನೋಡಿದರು ಎಲ್ಲವೂ ಸಿಗುತ್ತದೆ. ದಾಖಲೆಯ ವಿರೋಧಿ ನಾನಲ್ಲ, ಅದರಿಂದಲೇ ನನ್ನ ಅನ್ನ.

ಆದರೆ ಕಾರ್ಖಾನೆಯ ಪ್ರತಿ ದಾಖಲೆಗೂ ನಾಲ್ಕು ಪ್ರಶ್ನೆಗಳ ಉತ್ತರ ಮೊದಲೇ ಬರೆದಿರುತ್ತದೆ. ಇದು ಯಾಕೆ ಬೇಕು? ಯಾರು ನೋಡಬಹುದು? ಎಷ್ಟು ದಿನ ಇಡಬೇಕು? ಆಮೇಲೆ ಹೇಗೆ ನಾಶ ಮಾಡಬೇಕು? ಲೆಕ್ಕ ಪರಿಶೋಧನೆಗೆ ಬಂದವರು ಮೊದಲು ಕೇಳುವುದೇ ಇದನ್ನು. ಉತ್ತರವಿಲ್ಲದ ದಾಖಲೆ ಇದ್ದರೆ ಅದನ್ನು ದೋಷ ಎಂದು ಬರೆಯುತ್ತಾರೆ.

ಈಗ ಸೊಸೈಟಿಯ ಗೇಟಿನ ಪಟ್ಟಿಗೆ ಈ ನಾಲ್ಕು ಪ್ರಶ್ನೆ ಕೇಳಿ ನೋಡಿ. ಯಾಕೆ ಬೇಕು? ‘ಸೆಕ್ಯುರಿಟಿ.’ ಯಾರು ನೋಡಬಹುದು? ‘ಸಮಿತಿಯವರು’ — ಅಂದರೆ ಈ ವರ್ಷದವರೇ, ಹೋದ ವರ್ಷದವರೂ ಸೇರಿಯೇ? ಎಷ್ಟು ದಿನ? ‘ಅದು ಆ್ಯಪಿನಲ್ಲಿ ಇರುತ್ತೆ.’ ನಾಶ? ಆ ಪದವನ್ನೇ ಯಾರೂ ಕೇಳಿಲ್ಲ. ಒಂದು ಬೋಲ್ಟಿನ ದಾಖಲೆಗೆ ಇರುವ ಮರ್ಯಾದೆ ಮನುಷ್ಯರ ದಾಖಲೆಗೆ ಇಲ್ಲವೆಂದರೆ ಏನು ಹೇಳೋಣ!

2023ರ ಆಗಸ್ಟ್‌ನಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯನ್ನು ಒಪ್ಪಿತು. ಅದರ ಮೂಲ ತತ್ವಗಳು ಹೆಚ್ಚು ಕಡಿಮೆ ಈ ನಾಲ್ಕು ಪ್ರಶ್ನೆಗಳೇ. ಯಾಕೆ ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು, ಆ ಉದ್ದೇಶಕ್ಕೆ ಬೇಕಾದಷ್ಟೇ ಪಡೆಯಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು, ಸೋರಿಕೆಯಾಗದಂತೆ ಕಾಯಬೇಕು. ಕಾಯುವುದರಲ್ಲಿ ತಪ್ಪಿದರೆ 250 ಕೋಟಿ ರೂಪಾಯಿಯವರೆಗೆ ದಂಡ ಹಾಕಬಹುದು. ನಿಯಮಗಳು ಹೊರಬಂದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಗಡುವು. ಕಾಯ್ದೆ ದೊಡ್ಡ ಕಂಪನಿಗಳಿಗೆ ಮಾತ್ರ ಎಂದು ತಿಳಿಯಬೇಡಿ. ಡಿಜಿಟಲ್ ರೂಪದಲ್ಲಿ ಜನರ ಮಾಹಿತಿ ಇಟ್ಟುಕೊಳ್ಳುವ ಸಂಘ ಸಂಸ್ಥೆಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಸ್ವಂತ ಅಥವಾ ಮನೆಬಳಕೆಯ ಮಾಹಿತಿಗೆ ವಿನಾಯಿತಿ ಇದೆ.

ಕಾಯ್ದೆಯಲ್ಲಿ ಕೊರತೆಯೂ ಇದೆ. ದೇಶದ ಭದ್ರತೆ ಮುಂತಾದ ಕಾರಣಗಳಿಗೆ ಸರ್ಕಾರ ತನ್ನ ಸಂಸ್ಥೆಗಳಿಗೆ ಪೂರ್ತಿ ವಿನಾಯಿತಿ ಕೊಟ್ಟುಕೊಳ್ಳಬಹುದು. ಅಂಗಡಿಗೆ ಕಟ್ಟಿದ ಹಗ್ಗ ಸರ್ಕಾರಕ್ಕೆ ಸಡಿಲವಾಗಿದೆ ಎಂಬ ಟೀಕೆ ಸುಮ್ಮನೆ ಹುಟ್ಟಿದ್ದಲ್ಲ.

ನಮ್ಮ ಸಂಘ, ನಮ್ಮ ಗುಂಪು

ಬೇರೆಯವರನ್ನು ದೂರುವ ಮೊದಲು ನಮ್ಮ ಕನ್ನಡಿಗರ ಅಂಗಳವನ್ನೂ ನೋಡಬೇಕು. ಹೊರನಾಡಿನಲ್ಲಿ ವಾಟ್ಸ್ಆ್ಯಪ್ ಗುಂಪುಗಳೇ ನಮ್ಮ ಊರ ಕಟ್ಟೆ. ರಾಜ್ಯೋತ್ಸವಕ್ಕೆ ಚಂದಾ ಕೊಟ್ಟವರ ಪಟ್ಟಿಯಲ್ಲಿ ಹೆಸರು, ವಿಳಾಸ, ಫೋನ್, ಹುಟ್ಟಿದ ದಿನ ಎಲ್ಲವನ್ನೂ ಒಂದು ಎಕ್ಸೆಲ್ ಹಾಳೆಯಲ್ಲಿ ಹಾಕಿ ಗುಂಪಿಗೆ ಬಿಡುತ್ತಾರೆ. ಅಲ್ಲಿಂದ ಅದು ವಿಮೆ ಮಾರುವವರ ಕೈಗೆ ಹೋಗಲು ಒಂದು ವಾರ ಬೇಡ.

ಇನ್ನು ವಧು–ವರರ ಗುಂಪುಗಳು. ಹುಡುಗಿಯ ಫೋಟೊ, ಜನ್ಮ ದಿನಾಂಕ, ಹುಟ್ಟಿದ ಗಂಟೆ, ಎತ್ತರ, ಬಣ್ಣ, ಸಂಬಳ, ಕಂಪನಿಯ ಹೆಸರು, ಅಪ್ಪನ ಫೋನ್ ನಂಬರ್ ಎಲ್ಲವೂ ಒಂದು ಪಿಡಿಎಫ್‌ನಲ್ಲಿ. ಮದುವೆಯಾಗಿ ಮಗುವಾದ ಮೇಲೂ ಆ ಪಿಡಿಎಫ್ ಊರೂರು ಸುತ್ತುತ್ತಲೇ ಇರುತ್ತದೆ. ನನ್ನ ಸೋದರತ್ತೆಯ ಮಗಳಿಗೆ ಮದುವೆಯಾಗಿ ಮೂರು ವರ್ಷದ ನಂತರ ಯಾರೋ ಫೋನ್ ಮಾಡಿ ‘ಜಾತಕ ಕೂಡಿದೆ’ ಎಂದರು. ಮನೆಯಲ್ಲಿ ನಕ್ಕೆವು. ಆಕೆ ನಗಲಿಲ್ಲ. ಅವಳ ಫೋಟೊ ಎಷ್ಟು ಅಪರಿಚಿತರ ಫೋನಿನಲ್ಲಿದೆ ಎಂಬ ಯೋಚನೆ ಅವಳಿಗೆ.

‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂದು ನಮ್ಮ ಗಾದೆ. ಕಾಯಿಲೆಯನ್ನು ನಾಲ್ಕು ಜನರಿಗೆ ಹೇಳಿದರೆ ಯಾರಾದರೂ ಮದ್ದು ಹೇಳಿಯಾರು ಎಂಬ ಒಳ್ಳೆಯ ಅರ್ಥ ಅದರಲ್ಲಿದೆ. ಆದರೆ ಆ ನಾಲ್ಕು ಜನ ನಮ್ಮ ಮುಖ ನೋಡಿದವರು. ಈಗ ಗುಂಪಿನಲ್ಲಿ ರಕ್ತ ಬೇಕು ಎಂಬ ಸಂದೇಶದ ಜೊತೆ ರೋಗಿಯ ಹೆಸರು, ಕಾಯಿಲೆ, ವಾರ್ಡ್ ನಂಬರ್, ರಿಪೋರ್ಟಿನ ಫೋಟೊ ಎಲ್ಲ ಬರುತ್ತದೆ. ರೋಗಿ ಗುಣವಾಗಿ ಮನೆಗೆ ಹೋದರೂ ಸಂದೇಶಕ್ಕೆ ಡಿಸ್ಚಾರ್ಜ್ ಇಲ್ಲ. ಮುಂದೆ ಕೆಲಸ ಹುಡುಕುವಾಗ, ವಿಮೆ ಮಾಡಿಸುವಾಗ, ಮನೆಯಲ್ಲಿ ಮದುವೆ ಮಾತು ಬಂದಾಗ ಅದು ಎಲ್ಲಿ ತಲೆ ಎತ್ತುತ್ತದೋ ಹೇಳಲಾಗದು. ರಕ್ತದ ಗುಂಪು, ಆಸ್ಪತ್ರೆ, ಒಂದು ಫೋನ್ ನಂಬರ್ ಇಷ್ಟಿದ್ದರೆ ದಾನಿ ಬರುತ್ತಾನೆ. ಕಾಯಿಲೆಯ ಹೆಸರು ಅವನಿಗೆ ಬೇಕಿಲ್ಲ.

ಸಭೆಯಲ್ಲಿ ಏನಾಯಿತು

ಹಾಸನದ ಹುಡುಗಿಯ ಪ್ರಕರಣ ತಿಳಿದ ಮೇಲೆ ನಮ್ಮ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಈ ವಿಷಯವನ್ನು ಬರವಣಿಗೆಯಲ್ಲಿ ಕೊಟ್ಟೆ. ನನ್ನ ಕಾರ್ಖಾನೆಯ ಅದೇ ನಾಲ್ಕು ಪ್ರಶ್ನೆಗಳು. ಮೊದಲು ನಗು ಬಂತು. ಆಮೇಲೆ ವಾದ ಶುರುವಾಯಿತು.

ವಿರೋಧಿಸಿದವರ ಮಾತಿನಲ್ಲಿಯೂ ತೂಕವಿತ್ತು. ಹೋದ ವರ್ಷ ಪಾರ್ಕಿಂಗಿನಿಂದ ಕಳುವಾದ ಬೈಕು ಸಿಕ್ಕಿದ್ದು ಕ್ಯಾಮೆರಾದಿಂದ. ಮಕ್ಕಳು ವಿದೇಶದಲ್ಲಿದ್ದು ಒಂಟಿಯಾಗಿರುವ ಹಿರಿಯ ದಂಪತಿ ಎದ್ದು ನಿಂತು, ಬಾಗಿಲಿಗೆ ಬಂದವರು ಯಾರು ಎಂದು ಮೊದಲೇ ತಿಳಿದರೆ ತಮಗೆ ಧೈರ್ಯ ಎಂದರು. ಊರಿಂದ ನನ್ನ ತಂದೆ ತಾಯಿ ಬಂದು ಇದ್ದಾಗ ನನಗೂ ಅದೇ ಧೈರ್ಯ ಬೇಕಾಗುತ್ತದೆ. ಹಾಗಾಗಿ ಗೇಟು ತೆಗೆಯಿರಿ ಎಂದು ನಾನು ಹೇಳಲಿಲ್ಲ. ಕಳ್ಳನನ್ನು ಹಿಡಿಯಲು ಇಟ್ಟ ಪಟ್ಟಿಯಿಂದ ಬಾಡಿಗೆದಾರರ ನಡತೆ ಅಳೆಯಬೇಡಿ ಎಂದೆ. ಬೈಕ್ ಕಳುವಾದದ್ದು ಎರಡೇ ದಿನದಲ್ಲಿ ಗೊತ್ತಾಯಿತಲ್ಲ, ಎರಡು ವರ್ಷದ ಪಟ್ಟಿ ಯಾಕೆ ಎಂದೆ.

ನಾನು ಕೇಳಿದ್ದು 30 ದಿನದ ಮಿತಿ. ಸಿಕ್ಕಿದ್ದು 90 ದಿನ. ಪಟ್ಟಿಯನ್ನು ತೆಗೆದು ನೋಡಬೇಕಾದರೆ ಕಳ್ಳತನ, ಅಪಘಾತದಂಥ ಕಾರಣವನ್ನು ಪುಸ್ತಕದಲ್ಲಿ ಬರೆದು ಇಬ್ಬರು ಸಹಿ ಮಾಡಬೇಕು ಎಂದಾಯಿತು. ತುರ್ತು ಸಂಪರ್ಕದ ನಂಬರಿಗೆ ತುರ್ತು ಇದ್ದಾಗ ಮಾತ್ರ ಫೋನ್ ಮಾಡಬೇಕು ಎಂದೂ ನಿರ್ಣಯವಾಯಿತು. ಹೀಗೆ ಬರೆದಿಡಬೇಕಾಗಿ ಬಂದದ್ದೇ ಕಾಲದ ಸ್ಥಿತಿ. ಮನೆಗೆಲಸದವರ ಚೀಲ ತಪಾಸಣೆ ನಿಂತಿತು. ನಕ್ಷತ್ರ ಕೊಡುವ ಪದ್ಧತಿ ಮಾತ್ರ ನಿಲ್ಲಲಿಲ್ಲ, ಹನ್ನೊಂದು ಮತಗಳಿಂದ ಸೋತೆವು. ಮುಂದಿನ ವರ್ಷ ಮತ್ತೆ ಕೊಡುತ್ತೇನೆ.

ನೀವು ಮಾಡಬಹುದಾದದ್ದು

ಕೊನೆಗೆ, ಹೊರಊರಿನಲ್ಲಿ ಇರುವ ನಮ್ಮವರಿಗೆ ಉಪಯೋಗವಾಗುವ ಕೆಲವು ಮಾತು.

ಆಧಾರ್ ಪ್ರತಿ ಕೇಳಿದರೆ ‘ಮಾಸ್ಕ್ಡ್ ಆಧಾರ್’ ಕೊಡಿ. ಪ್ರಾಧಿಕಾರದ ಜಾಲತಾಣದಿಂದಲೇ ಅದನ್ನು ಇಳಿಸಿಕೊಳ್ಳಬಹುದು. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ನಂಬರ್ ಕೊಡಲೇಬೇಕಾದ ಕೆಲವು ಕಡೆ 16 ಅಂಕಿಯ ವರ್ಚುವಲ್ ಐಡಿ ನಡೆಯುತ್ತದೆ. ಬೆರಳಚ್ಚು, ಕಣ್ಣಿನ ಗುರುತುಗಳನ್ನು ಅಲ್ಲಿಯೇ ಬೀಗ ಹಾಕಿಡಬಹುದು, ಬೇಕಾದಾಗ ತೆರೆಯಬಹುದು. ಕಾಗದದ ಪ್ರತಿ ಕೊಡುವುದಾದರೆ ಅದರ ಮೇಲೆ ಅಡ್ಡವಾಗಿ ‘ಇಂಥ ಕೆಲಸಕ್ಕೆ ಮಾತ್ರ’ ಎಂದು ಬರೆದು ತಾರೀಕು ಹಾಕಿ.

‘ಸಂಚಾರ ಸಾಥಿ’ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕಗಳಿವೆ ಎಂದು ನೋಡಬಹುದು. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲಿಯೇ ದೂರು ಕೊಡಿ. ಊರೂರಿನಲ್ಲಿ ಪ್ರತಿ ಹಂಚಿದವರಿಗೆ ಇದು ವರ್ಷಕ್ಕೊಮ್ಮೆ ಮಾಡಬೇಕಾದ ಕೆಲಸ. ಹಣ ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಅಂಗಡಿಯ ಬಿಲ್ ಕೌಂಟರಿನಲ್ಲಿ ಮೊಬೈಲ್ ನಂಬರ್ ಕೊಡಲೇಬೇಕೆಂದಿಲ್ಲ. ನಂಬರಿಗಾಗಿ ಒತ್ತಾಯ ಮಾಡಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿಯೇ ವ್ಯಾಪಾರಿಗಳಿಗೆ ಸೂಚಿಸಿದೆ. ‘ಬೇಡ, ಕಾಗದದ ಬಿಲ್ ಸಾಕು’ ಎಂದು ನಗುತ್ತಾ ಹೇಳಿ. ಕೌಂಟರಿನ ಹುಡುಗನ ಮೇಲೆ ರೇಗಬೇಡಿ, ಅವನಿಗೆ ಮೇಲಿನವರ ಒತ್ತಡವಿರುತ್ತದೆ.

ಮನೆ ಬಿಡುವಾಗ ಠೇವಣಿ ವಾಪಸ್ ಕೇಳುವಂತೆ ಕಾಗದಗಳನ್ನೂ ವಾಪಸ್ ಕೇಳಿ. ಗೇಟಿನ ಆ್ಯಪಿನಿಂದ ಹೆಸರು, ಫೋಟೊ ತೆಗೆಸಿ, ತೆಗೆದಿದ್ದೇವೆ ಎಂದು ಒಂದು ಇಮೇಲ್ ಪಡೆಯಿರಿ. ಮದುವೆಯ ಗುಂಪಿಗೆ ವಿವರ ಹಾಕುವುದಾದರೆ ಹೆಸರು, ಓದು, ಊರು, ಹಿರಿಯರ ಒಂದು ನಂಬರ್ ಸಾಕು. ಫೋಟೊ, ಜಾತಕವನ್ನು ಮಾತು ಮುಂದುವರಿದ ಮೇಲೆ ಮನೆಯಿಂದ ಮನೆಗೆ ಕೊಡಬಹುದು.

ಫ್ಲ್ಯಾಟ್ ಇರುವವರಲ್ಲಿ ಒಂದು ವಿನಂತಿ. ಮಹಾರಾಷ್ಟ್ರದಲ್ಲಿ ಸಹಕಾರಿ ಸೊಸೈಟಿಗಳ ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಬೇರೆ ರಾಜ್ಯಗಳಲ್ಲಿಯೂ ನಿಮ್ಮ ಸಂಘಕ್ಕೆ ಇಂಥದೊಂದು ಸಭೆ ಇದ್ದೇ ಇರುತ್ತದೆ. ಲಿಫ್ಟ್, ನೀರು, ಪಾರ್ಕಿಂಗಿನ ಜೊತೆ ಗೇಟಿನ ಪಟ್ಟಿಯನ್ನೂ ಚರ್ಚೆಗೆ ತನ್ನಿ. ಯಾಕೆ, ಯಾರು, ಎಷ್ಟು ದಿನ, ಆಮೇಲೇನು ಎಂಬ ನಾಲ್ಕೇ ಪ್ರಶ್ನೆ. ಮತವಿಲ್ಲದ ಬಾಡಿಗೆದಾರರ ಪರವಾಗಿ, ಸಭೆಗೆ ಬರಲಾಗದ ಅಫಜಲಪುರದ ಅಕ್ಕನಂಥವರ ಪರವಾಗಿ ಯಾರಾದರೊಬ್ಬರು ಎದ್ದು ಕೇಳಬೇಕು. ಪರಊರಿಗೆ ಬಂದು ಮೊದಲ ಮನೆ ಹುಡುಕಿದ ದಿನಗಳು ನೆನಪಿರುವ ನಮಗೆ ಅದು ಕಷ್ಟವಾಗಬಾರದು.